ಮಾವನ ಕೈಗೆ ಸಿಕ್ಕ ಅದಿರು

ಆ ಕಲ್ಲು ಬಸ್ಸಿನಲ್ಲೇ ಸಿಡಿಯಬಹುದಿತ್ತು. ಉಡುಪಿ ಮುಟ್ಟುವುದರೊಳಗೆ ನನ್ನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಉದುರಬಹುದಿತ್ತು. ಕಂಡಕ್ಟರ್ ಕಲ್ಲಿದ್ದ ಡಬ್ಬಿ ತೆರೆಸಿ ಪೊಲೀಸರನ್ನು ಕರೆಯಬಹುದಿತ್ತು. ಪಕ್ಕದಲ್ಲಿ ಕುಳಿತ ಅಜ್ಜನ ಬುಟ್ಟಿಯ ಮೊಟ್ಟೆಗಳು ಅಲ್ಲೇ ಬೇಯಬಹುದಿತ್ತು. ಯುರೇನಿಯಂ ಎಂಬ ಶಬ್ದವನ್ನು ಬಾಂಬಿನ ಸುದ್ದಿಯಲ್ಲಷ್ಟೇ ಓದಿದ್ದ ಗುಮಾಸ್ತ ನಾನು. ಅದರ ಅದಿರನ್ನು ತೊಡೆಯ ಮೇಲಿಟ್ಟುಕೊಂಡು ಕಾಪುವಿನಿಂದ ಮಣಿಪಾಲಕ್ಕೆ ಹೋಗುವಾಗ ಇಷ್ಟಾದರೂ ಹೊಳೆಯದಿದ್ದರೆ ಹೇಗೆ?

ಕಲ್ಲು ನನ್ನ ಅಕ್ಕನ ಮಗಳು ವಾರಿಜಳದ್ದು. ಕಾರ್ಕಳದಲ್ಲಿ ಉಳಿದವರೆಲ್ಲ ಬಂಡೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದಾಗ ಅವಳು ಬಂಡೆಯನ್ನು ಓದಲು ಕಲಿತಳು. ಅದಿರು ಹುಡುಕುವ ಕೆಲಸಕ್ಕೂ ಸೇರಿದಳು. ಹೆಣ್ಣುಮಗಳಿಗೆ ಕಾಡು ಗುಡ್ಡ ಸುತ್ತುವುದು ಸಾಕು, ಕೆಲಸ ಬಿಡಲಿ ಎಂದು ಭಾವನ ಹಟ. ಮಣಿಪಾಲದ ಕಾಲೇಜಿನಲ್ಲಿ ಅವಳ ಉಪನ್ಯಾಸ ಕೇಳಿದ ಮೇಲೆ ತೀರ್ಮಾನ ಎಂದಿದ್ದರು.

ಹಿಂದಿನ ಸಂಜೆ ಕಾಪುವಿನ ನಮ್ಮ ಮನೆಗೆ ಬಂದಿದ್ದ ಅವಳು ನನಗೆ ವಿವರಿಸಿದ್ದಳು. "ಎರಡು ಬಂಡೆ ಒತ್ತಿಕೊಂಡು ಜಾರಿದ ಜಾಗ ಉಂಟಲ್ಲ ಮಾವ, ಅಲ್ಲಿ ಕಲ್ಲು ಅರೆದ ಹಾಗೆ ಪುಡಿಯಾಗಿರುತ್ತದೆ. ಆ ಸಂದಿಯಲ್ಲಿ ಬಿಸಿನೀರು ನುಗ್ಗಿ, ತನ್ನಲ್ಲಿ ಕರಗಿದ್ದ ಯುರೇನಿಯಂ ಬಿಟ್ಟು ಹೋಗುತ್ತದೆ. ಕಪ್ಪಗೆ, ಭಾರವಾಗಿ ಕೂರುವುದು ಯುರನಿನೈಟ್." ಕೋಟ್ಯಂತರ ವರ್ಷಗಳ ಹಿಂದಿನ ಆ ನೂಕುನುಗ್ಗಲನ್ನು ಪಕ್ಕದಲ್ಲೇ ನಿಂತು ನೋಡಿದವಳಂತೆ ಹೇಳುತ್ತಿದ್ದಳು. ಕಾಫಿ ಆರಿದ್ದು ನನಗೆ ತಿಳಿಯಲಿಲ್ಲ. ಬೆಳಿಗ್ಗೆ, ಅದಿರಿನ ವಿಕಿರಣ ಸೋಕಿದರೆ ಟಿಕ್ ಟಿಕ್ ಎನ್ನುವ ಯಂತ್ರ ಹೊತ್ತು ಮುಂದೆ ಹೋಗುವಾಗ ಕಲ್ಲಿನ ಡಬ್ಬಿಯನ್ನು ನನ್ನ ಕೈಗಿಟ್ಟು, "ಡಬ್ಬಿ ತೆರೆಯಬೇಡಿ, ಅಷ್ಟೇ. ಮುಚ್ಚಿದ್ದರೆ ಎಂತದೂ ಆಗುವುದಿಲ್ಲ" ಎಂದಳು.

ಮಣಿಪಾಲದಲ್ಲಿ ಇಳಿದಾಗ, ಬಸ್ಸಿನ ಕುಲುಕಾಟಕ್ಕೆ ಕಲ್ಲು ಒಡೆದಿದ್ದರೆ ಎಂಬ ಯೋಚನೆ ಹತ್ತಿತು. ತೆರೆದೆ. ಒಡೆದಿರಲಿಲ್ಲ, ಆದರೆ ಮೈತುಂಬ ಹಳದಿ ಧೂಳು. ಮಟ್ಟುಗುಳ್ಳ ಬದನೆ ಬೆಳೆಯುವ ಮನೆಯಲ್ಲಿ ಹುಟ್ಟಿದವನು ನಾನು. ಪ್ರತಿ ಬದನೆಯನ್ನೂ ಬಟ್ಟೆಯಲ್ಲಿ ಒರೆಸಿ ಹೊಳೆಯಿಸದೆ ನಮ್ಮಲ್ಲಿ ಪೇಟೆಗೆ ಕಳಿಸುವುದಿಲ್ಲ. ಸಭೆಗೆ ಹೋಗುವ ಕಲ್ಲು ಧೂಳು ಹಿಡಿದು ಹೋಗುವುದೇ? ಕೈ ತಾನಾಗಿಯೇ ಕರವಸ್ತ್ರ ತೆಗೆಯಿತು.

ಸಭೆಯಲ್ಲಿ ಡಬ್ಬಿ ತೆರೆದ ವಾರಿಜ ಕಲ್ಲನ್ನು ಎಲ್ಲ ಕಡೆ ತಿರುಗಿಸಿ ನೋಡಿದಳು. ನಂತರ ವಿದ್ಯಾರ್ಥಿಗಳಿಗೆ, "ಕಪ್ಪು ಅದಿರು ಗಾಳಿಗೆ, ಮಳೆಗೆ ಸಿಕ್ಕಿದರೆ ಮೇಲೆ ಹಳದಿ ಖನಿಜವಾಗುತ್ತದೆ. ಗುಡ್ಡದಲ್ಲಿ ನಮಗೆ ದಾರಿ ತೋರಿಸುವುದು ಅದೇ. ನಿಮಗೆ ತೋರಿಸಲಿಕ್ಕೆಂದೇ ತಂದದ್ದು. ಈಗ ಎಲ್ಲಿ ಹೋಯಿತೆಂದು ಹುಡುಕುವ" ಎಂದು ಯಂತ್ರ ಹಿಡಿದು ಕೆಳಗಿಳಿದಳು. ಭಾವನ ಮುಂದೆ ಅದು ಎಲ್ಲೋ ಒಮ್ಮೆ ಟಿಕ್ ಎಂದಿತು. ನನ್ನ ಮುಂದೆ ಕಟಕಟಕಟ.

"ಮಾವ, ಜೇಬು."

ಸಭೆ ನಕ್ಕಿತು. ಭಾವ ನಗಲಿಲ್ಲ, ನನ್ನ ಕಡೆ ವಾಲಿ, "ಹುಡುಕುವುದು ಇವಳಿಗೆ ಗೊತ್ತುಂಟು ಮಾರಾಯ. ಕೆಲಸ ಬಿಡುವುದು ಬೇಡ" ಎಂದರು.

ಕಲ್ಲು ಸಿಡಿಯಲಿಲ್ಲ, ಕೂದಲು ಉದುರಲಿಲ್ಲ, ಮೊಟ್ಟೆ ಬೇಯಲಿಲ್ಲ. ಆದದ್ದು ಇಷ್ಟೇ: ನನ್ನದೊಂದು ಕರವಸ್ತ್ರ ಅವಳ ಮಾದರಿಗಳ ಪೆಟ್ಟಿಗೆ ಸೇರಿತು. ಮೇಲೊಂದು ಚೀಟಿ: "ದೊರೆತ ಸ್ಥಳ: ಮಾವನ ಜೇಬು."