ಬೀಗದಣ್ಣನಿಗಾಗಿ ಪ್ರಾರ್ಥನೆ

ಬೇಕರಿಯ ಷಟರ್ ಬೀಗ ಕೈಕೊಟ್ಟದ್ದೇ ಎಲ್ಲಕ್ಕೂ ಮೂಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಹೊರಟಿದ್ದ ಬೀಗದಣ್ಣನನ್ನು ಬೇಕರಿಯವನು ನಡುದಾರಿಯಲ್ಲೇ ಹಿಡಿದ. ಬೀಗ ರಿಪೇರಿ ಮಾಡಿ ಮಾಡಿ ಅವನಿಗೆ ಆ ಹೆಸರು ಅಂಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಚರ್ಚಿನ ರಿಜಿಸ್ಟರಿನಲ್ಲಿ ಮಾತ್ರ ಉಳಿದಿತ್ತು. ಹೆಂಡತಿಯನ್ನು ಮುಂದೆ ಕಳಿಸಿ, ಬೀಗ ಬಿಡಿಸಿ, ಕೈಗೆ ಹತ್ತಿದ ಗ್ರೀಸನ್ನು ಕರ್ಚೀಫಿಗೆ ಒರೆಸಿಕೊಳ್ಳುತ್ತ ಓಡಿ ಬಂದಾಗ ಸಭಾಪಾಲಕರು ಕೊನೆಯ ಆಶೀರ್ವಾದ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಗಾಯನ ವೃಂದದಲ್ಲಿ ಹಾಡುತ್ತಿದ್ದ ಬೀಗದಣ್ಣ ಆರಾಧನೆ ತಪ್ಪಿಸಿಕೊಂಡದ್ದು ಅದೇ ಮೊದಲು.

ಬೈಸಿಕೊಳ್ಳಲು ತಯಾರಾಗಿ ಬಾಗಿಲ ಬಳಿ ನಿಂತ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಬಂದು, ಗ್ರೀಸನ್ನೂ ಲೆಕ್ಕಿಸದೆ ಅವನ ಕೈ ಹಿಡಿದು ಒತ್ತಿದರು.

"ಧೈರ್ಯವಾಗಿರಪ್ಪ, ನಾವೆಲ್ಲ ಇದೀವಿ," ಎಂದರು ಒಬ್ಬ ಅಜ್ಜಿ.

"ಯಾತಕ್ಕಜ್ಜಿ?"

ಅಜ್ಜಿ ಅವನ ಕೆನ್ನೆ ಸವರಿ ಮೆಟ್ಟಿಲಿಳಿದರು. ಅವರ ಹಿಂದೆಯೇ ಆರ್ಗನ್ ನುಡಿಸುವ ಟೀಚರಮ್ಮ ಬಂದರು. "ಇವತ್ತು ನಿಮಗಾಗಿ ಎಲ್ರೂ ಒಂದೇ ಮನಸ್ಸಿಂದ ಪ್ರಾರ್ಥನೆ ಮಾಡಿದ್ವಿ. ಈ ಸಭೇಲಿ ಇಂಥ ಒಗ್ಗಟ್ಟು ನಾನು ಕಂಡೇ ಇರ್ಲಿಲ್ಲ," ಎಂದು ಕಣ್ಣೊರೆಸಿಕೊಂಡರು.

ಮನೆಯ ದಾರಿಯಲ್ಲಿ ಬೀಗದಣ್ಣ ಹೆಂಡತಿಯನ್ನು ಕೇಳಿದ. "ನನಗೇನಾಗಿದೆಯಂತೆ?"

ಅವಳು ತನ್ನ ಚಪ್ಪಲಿ ನೋಡುತ್ತ ನಡೆದಳು. "ಏನೂ ಇಲ್ಲ. ಮೊದಲು ಊಟ ಮಾಡಿ."

ಊಟಕ್ಕೆ ಕೂತಾಗ ಕೇಳದೆಯೇ ಎರಡನೇ ಸಲ ಮಾಂಸದ ತುಂಡು ಬಡಿಸಿದಳು. ಮದುವೆಯಾದ ಮೇಲೆ ಹಾಗಾದದ್ದು ಇಪ್ಪತ್ತೈದು ವರ್ಷದ ಹಿಂದೆ ಅವನಿಗೆ ಟೈಫಾಯ್ಡ್ ಬಂದು ಬದುಕಿದಾಗ ಮಾತ್ರ. ಬೀಗದಣ್ಣನಿಗೆ ಹೋದ ವಾರದ ರಕ್ತಪರೀಕ್ಷೆ ನೆನಪಾಯಿತು. ವರದಿ ತಂದವಳು ಇವಳೇ. ಎಲ್ಲ ಸರಿಯಾಗಿದೆ ಅಂದಿದ್ದಳು. ಎಲ್ಲ ಸರಿಯಾಗಿದ್ದರೆ ಈ ಮಾಂಸ ಯಾಕೆ? ಆ ತುಂಡನ್ನು ತಪ್ಪು ಕೀಲಿಕೈಯಂತೆ ಹೊರಳಿಸಿ ನೋಡಿ ತಟ್ಟೆಯ ಅಂಚಿಗಿಟ್ಟ.

ಮೂರು ಗಂಟೆಗೆ ಸ್ತ್ರೀಯರ ಸಂಘದ ಕಾರ್ಯದರ್ಶಿ ಟೈಲರಮ್ಮ ಕೇಕ್ ಹಿಡಿದು ಬಂದರು. ಬಂದವರೇ ಅವನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. "ಕರ್ತನೇ, ಇಷ್ಟು ವರ್ಷ ಹಿಡಿದುಕೊಂಡಿದ್ದನ್ನ ಬಿಟ್ಟುಕೊಡೋ ಮನಸ್ಸು ಈ ಸಹೋದರನಿಗೆ ಕೊಡು. ಸದ್ದಿಲ್ಲದೆ ಹೋಗೋ ಹಾಗೆ ಮಾಡು. ಸದ್ದಿಲ್ಲದೆ, ತಂದೆಯೇ."

ಆಮೆನ್ ಅಂದ ಮೇಲೆ ಬೀಗದಣ್ಣ ಮೆಲ್ಲಗೆ ಕೇಳಿದ. "ಯಾವಾಗ ಅಂತ ಏನಾದ್ರೂ ಹೇಳಿದಾರಾ?"

"ಈ ತಿಂಗಳೊಳಗೇ ಆಗಿಬಿಟ್ರೆ ಒಳ್ಳೇದು."

"ಯಾರಿಗೆ ಒಳ್ಳೇದು?"

"ಎಲ್ರಿಗೂ, ಅಣ್ಣ."

ಅವರು ಹೋದ ಬೆನ್ನಿಗೇ ನಿವೃತ್ತ ಹೆಡ್‌ಮಾಸ್ಟರು ಬಂದರು. ಗಾಯನ ವೃಂದದಲ್ಲಿ ಬೀಗದಣ್ಣನ ಪಕ್ಕದಲ್ಲೇ ನಿಂತು ಹಾಡುವವರು. ಕುರ್ಚಿ ಎಳೆದು ಕೂತು, ಕೇಕಿನ ಒಂದು ತುಂಡು ಬಾಯಿಗೆ ಹಾಕಿಕೊಂಡರು.

"ಒಂದಲ್ಲ ಒಂದು ದಿನ ಎಲ್ರೂ ಜಾಗ ಖಾಲಿ ಮಾಡ್ಲೇಬೇಕು, ಅಲ್ವಾ? ನಿಮ್ಮ ಜಾಗಕ್ಕೆ ನಮ್ಮ ಪೋಸ್ಟ್‌ಮನ್‌ನ ನೋಡಿಟ್ಟಿದೀವಿ."

"ನನ್ನ ಜಾಗಕ್ಕಾ?"

"ಪಾಪ, ಹೆಂಡತಿ ತೀರಿಕೊಂಡು ಎರಡು ವರ್ಷ ಆಯ್ತು. ಸಂಜೆ ಹೊತ್ತು ಬಿಡುವಾಗೇ ಇರ್ತಾರೆ. ನಿಮ್ಮ ಮನೆಯವರನ್ನೂ ಕೇಳಿದೆ. ಅವರಿಗೂ ಒಪ್ಪಿಗೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು.

"ನಾನಿರುವಾಗ್ಲೇನಾ?"

"ಮತ್ತೆ? ಎರಡು ವಾರ ನಿಮ್ಮ ಜೊತೇಲಿದ್ದು ಅಭ್ಯಾಸ ಮಾಡ್ಕೊಂಡ್ರೆ ಆಮೇಲೆ ತೊಂದರೆ ಇರಲ್ಲ."

ಹೆಡ್‌ಮಾಸ್ಟರು ಹೋದ ಮೇಲೆ ಬೀಗದಣ್ಣ ಮಂಚದ ಮೇಲೆ ಕೂತ. ತನ್ನ ಮನೆಯಲ್ಲಿ ಪೋಸ್ಟ್‌ಮನ್ ಕಾಲು ಚಾಚಿ ಕೂತಂತೆ ಕಂಡು ಸಿಟ್ಟು ಬಂತು. ಆಮೇಲೆ, ಇಷ್ಟು ಜನ ತನಗಾಗಿ ಮೊಣಕಾಲೂರಿದರಲ್ಲ ಅನ್ನಿಸಿ ಕಣ್ಣು ತುಂಬಿತು. ಸಾಯುವವನು ಸಿಟ್ಟು ಮಾಡಬೇಕೋ, ಅಳಬೇಕೋ, ಪೋಸ್ಟ್‌ಮನ್ನನಿಗೆ ಶುಭ ಹಾರೈಸಬೇಕೋ ಅವನಿಗೆ ತಿಳಿಯಲಿಲ್ಲ. ಬಹಳ ಹೊತ್ತು ಪ್ರಾರ್ಥಿಸಿದ. ಎದ್ದಾಗ ಮನಸ್ಸು ಹಗುರಾಗಿತ್ತು.

ಐದು ಗಂಟೆಯ ಪ್ರಾರ್ಥನಾ ಕೂಟದಲ್ಲಿ, ಹಾಡಿನ ಪುಸ್ತಕವನ್ನು ಎದೆಗವಚಿಕೊಂಡು, ಎಲ್ಲರೆದುರು ತನ್ನ ಅನುಭವದ ಸಾಕ್ಷಿ ಹೇಳಲು ಎದ್ದು ನಿಂತ.

"ನನಗೆಲ್ಲ ಗೊತ್ತಾಗಿದೆ. ನಾನು ಹೋಗೋಕೆ ತಯಾರಾಗಿದೀನಿ. ನನ್ನ ಜಾಗ ಪೋಸ್ಟ್‌ಮನ್ ಅಣ್ಣನಿಗೇ ಇರಲಿ. ಇವಳನ್ನ ಚೆನ್ನಾಗಿ ನೋಡ್ಕೊಂಡ್ರೆ ಸಾಕು."

ಕೊನೆಯ ಮಾತು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ "ಸ್ತೋತ್ರ, ಸ್ತೋತ್ರ" ಎಂಬ ಕೂಗು ಚಾವಣಿ ಹಾರುವಂತೆ ಎದ್ದಿತ್ತು. ಟೀಚರಮ್ಮ ಓಡಿ ಬಂದು ಅವನ ಕೈಯಿಂದ ಹಾಡಿನ ಪುಸ್ತಕ ಕಿತ್ತು ಪೋಸ್ಟ್‌ಮನ್ನನ ಕೈಗಿತ್ತರು. "ಇನ್ನು ಮೇಲೆ ಅಪಸ್ವರ ಇಲ್ದೆ ಹಾಡ್ಬೋದು," ಎಂದರು.

ಬೀಗದಣ್ಣನಿಗೆ ಆಗ ಅರ್ಥವಾಯಿತು. ಸಭೆಯವರು ತನ್ನನ್ನು ಕಳಿಸುತ್ತಿದ್ದದ್ದು ಲೋಕದಿಂದಲ್ಲ, ಗಾಯನ ವೃಂದದಿಂದ. ಬದುಕಿದೆ ಎಂಬ ಸಂತೋಷ ಅರ್ಧ ನಿಮಿಷ ಇತ್ತು. ಆಮೇಲೆ ಕಿವಿ ಕೆಂಪಾಯಿತು. ಕೂಟ ಮುಗಿದದ್ದೇ ಸಭಾಪಾಲಕರ ಕೋಣೆಗೆ ನುಗ್ಗಿದ.

"ಯಾರು ಅಯ್ಯನವರೇ, ನನ್ನ ಮೇಲೆ ದೂರು ಕೊಟ್ಟದ್ದು?"

"ದೂರಲ್ಲಪ್ಪ, ಪ್ರಾರ್ಥನೆಯ ವಿನಂತಿ. ವಿನಂತಿ ಪೆಟ್ಟಿಗೇಲಿತ್ತು, ತಿಂಗಳಿಗೊಮ್ಮೆ ತೆಗೀತೀನಲ್ಲ, ಬೆಳಿಗ್ಗೆ ಓದಿದೆ." ಸಭಾಪಾಲಕರು ಬೈಬಲಿನೊಳಗಿಂದ ಒಂದು ಚೀಟಿ ತೆಗೆದುಕೊಟ್ಟರು.

'ಗಾಯನ ವೃಂದದ ಒಬ್ಬ ಸಹೋದರರ ಅಪಸ್ವರದಿಂದ ಆರಾಧನೆಗೆ ಅಡ್ಡಿಯಾಗುತ್ತಿದೆ. ಅವರು ತಾವಾಗಿಯೇ ಜಾಗ ಬಿಟ್ಟುಕೊಡುವಂತೆ ಪ್ರಾರ್ಥಿಸಿರಿ.'

ಬೀಗದಣ್ಣ ಎರಡು ಸಲ ಓದಿದ. ಅಕ್ಷರ ಅವನದೇ. ಹೆಡ್‌ಮಾಸ್ಟರ ಗಂಟಲು ತಾಳಲಾರದೆ, ಕಳೆದ ತಿಂಗಳು ಅವನೇ ಬರೆದು ಪೆಟ್ಟಿಗೆಗೆ ಹಾಕಿದ್ದ ಚೀಟಿ.

"ಇದರಲ್ಲಿ ಹೆಸರೇ ಇಲ್ವಲ್ಲ," ಎಂದ.

"ಇಲ್ಲ. ನನಗೂ ಗೊಂದಲ ಆಯ್ತು. ಆದ್ರೆ ಸಭೇಲಿ ಒಬ್ಬರಿಗೂ ಅನುಮಾನ ಬರ್ಲಿಲ್ಲ. ಹೆಡ್‌ಮಾಸ್ಟರಂತೂ ನಿಮ್ಮ ಹೆಸರು ಹೇಳಿ ಹೇಳಿ ಪ್ರಾರ್ಥನೆ ಮಾಡಿದ್ರು. ಈ ಅಕ್ಷರ ಯಾರದ್ದು ಅಂತ ನಿಮಗೇನಾದ್ರೂ ಗೊತ್ತಾ?"

ಬೀಗದಣ್ಣ ಚೀಟಿಯನ್ನು ಚಿಕ್ಕದಾಗಿ ಮಡಚಿದ. "ಇಲ್ಲ ಅಯ್ಯನವರೇ."

ಹೊರಗೆ ಹೊಸ ಗಾಯನ ವೃಂದ ಅಭ್ಯಾಸಕ್ಕೆ ನಿಂತಿತ್ತು. ಎಲ್ಲರ ಧ್ವನಿಗಿಂತ ಎರಡು ಗೇಣು ಮೇಲೆ, ಅರ್ಧ ಸಾಲು ಮುಂದೆ, ಹೆಡ್‌ಮಾಸ್ಟರ ಧ್ವನಿ ಗೋಡೆ ದಾಟಿ ಬಂತು.

ಸಭಾಪಾಲಕರು ಕಣ್ಣು ಮುಚ್ಚಿ ತಲೆದೂಗಿದರು. "ನೋಡಿ, ಈಗ ಎಷ್ಟು ಇಂಪಾಗಿದೆ," ಎಂದರು.