ಊಟದ ಮೇಜಿನ ಮೇಲಿನ ಸೊಳ್ಳೆ ವಿಮಾನವನ್ನು ತೆರವುಗೊಳಿಸದಿರುವ ಕುರಿತು

ಇಂದ,
ಎಬನೇಜರ,
ಮುಂದಿನ ಕೋಣೆ (ಸದ್ಯಕ್ಕೆ),
ನವೊಮಿಯವರ ಮನೆ, ಬೀದರ.

ಗೆ,
ಶ್ರೀಮತಿ ನವೊಮಿ,
ನಿವೃತ್ತ ಮುಖ್ಯ ನರ್ಸ್ ಹಾಗೂ ಅರ್ಜಿದಾರನ ಅಕ್ಕ,
ಅಡುಗೆಮನೆ, ಅದೇ ಮನೆ.

ವಿಷಯ: ಮೇಜಿನ ಮೇಲಿನ ವಿಮಾನವನ್ನೂ ಅದನ್ನು ಕಟ್ಟುತ್ತಿರುವ ತಮ್ಮನನ್ನೂ ಇದ್ದಲ್ಲಿಯೇ ಇರಗೊಡುವ ಬಗ್ಗೆ.

ಉಲ್ಲೇಖ: ಸೋಮವಾರ ಮುಂಜಾನೆ ಚಹಾ ಸೋಸುತ್ತ ತಾವು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಒಡಹುಟ್ಟಿದವನಾದ ನಾನು ಅಡುಗೆಮನೆಯ ಹೊಸ್ತಿಲಿನಾಚೆಯೇ ನಿಂತು ವಿನಂತಿಸಿಕೊಳ್ಳುವುದೇನೆಂದರೆ:

೧. ನಾನು ಊರೂರು ಅಲೆದವನೆಂಬುದು ತಮಗೆ ತಿಳಿದ ಸಂಗತಿ. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಹಳೆಯ ಕಾದಂಬರಿಗಳನ್ನು ಮಾರಿದೆ. ಮಾರಿದ್ದಕ್ಕಿಂತ ಓದಿದ್ದೇ ಹೆಚ್ಚಾದ ಕಾರಣ ಆ ವ್ಯಾಪಾರ ನಿಂತಿತು. ಕಮಲನಗರದಲ್ಲಿ ತೊಗರಿ ತೂಗಿದೆ. ಔರಾದದಲ್ಲಿ ಪಂಢರಿ ಎಂಬಾತನ ಹೋಟೆಲಿನ ಗಲ್ಲಾದ ಮೇಲೆ ಕುಳಿತೆ. ಎಲ್ಲಿಯೂ ನಿಲ್ಲಲಿಲ್ಲ. ಕಾರಣ, ಮರುದಿನ ಎದ್ದು ನೋಡಲೇಬೇಕೆನಿಸುವಂಥದ್ದು ಯಾವ ಊರಿನಲ್ಲಿಯೂ ಇರಲಿಲ್ಲ.

೨. ಕಳೆದ ಮಳೆಗಾಲದಲ್ಲಿ ತಾವು ಈ ಕೋಣೆ ಕೊಟ್ಟಾಗ, ನನ್ನ ಚೀಲದಲ್ಲಿ ಹೈದರಾಬಾದಿನಿಂದ ತಂದ ಪ್ಲಾಸ್ಟಿಕ್ ವಿಮಾನದ ಪೆಟ್ಟಿಗೆಯೊಂದಿತ್ತು. ಎರಡನೇ ಮಹಾಯುದ್ಧದ, ಎರಡು ಎಂಜಿನ್ನಿನ, ಮಸ್ಕಿಟೊ ಎಂಬ ವಿಮಾನದ ಮಾದರಿ. ನಿಜವಾದದ್ದರ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಷ್ಟು ಎಂದರೂ ರೆಕ್ಕೆಯ ತುದಿಯಿಂದ ತುದಿಗೆ ಎರಡೂಕಾಲು ಅಡಿ. ಆದ್ದರಿಂದ ಊಟದ ಮೇಜಿನ ಹೊರತು ಬೇರೆ ಜಾಗವಿರಲಿಲ್ಲ. ಹೆಸರಿನ ಅರ್ಥ ಸೊಳ್ಳೆಯೆಂದು ತಿಳಿದು ತಾವು, "ಮಲೇರಿಯಾ ಡ್ಯೂಟಿ ಅಂತ ಜಲ್ಮೆಲ್ಲಾ ಹಳ್ಳಿ ಹಳ್ಳಿ ತಿರುಗಿ ಸೊಳ್ಳಿ ಹೊಡದೀನಿ ನಾ. ಈಗ ನನ್ನ ಮನ್ಯಾಗ, ನನ್ನ ಮೇಜಿನ ಮ್ಯಾಲ, ನೀ ಸೊಳ್ಳಿ ಸಾಕ್ಲತ್ತೀ ಏನು?" ಎಂದು ಎತ್ತಿದ ಆಕ್ಷೇಪಣೆ ಇಂದಿಗೂ ಇತ್ಯರ್ಥವಾಗಿಲ್ಲ.

೩. ಈ ಕೆಲಸದಲ್ಲಿ ಅವಸರಕ್ಕೆ ಅವಕಾಶವಿಲ್ಲ. ತುಂಡನ್ನು ಚೌಕಟ್ಟಿನಿಂದ ಕತ್ತರಿಸಬೇಕು, ಅಂಚನ್ನು ಪಾಲಿಶ್ ಪೇಪರಿನಿಂದ ಉಜ್ಜಬೇಕು, ಅಂಟಿಸಬೇಕು. ಆಮೇಲೆ ಕೈಕಟ್ಟಿ ಕುಳಿತುಕೊಳ್ಳಬೇಕು. ನನ್ನ ಬಾಳಿನಲ್ಲಿ ಯಾರೂ ನನ್ನಿಂದ ಮಾಡಿಸಲಾಗದ ಈ ಕೊನೆಯ ಕೆಲಸವನ್ನು ಒಂದು ಅಂಟಿನ ಡಬ್ಬಿ ಮಾಡಿಸಿತು. ಸೀಟಿನ ಬೆಲ್ಟು ಕೂಡಿಸಲು ತಮ್ಮ ಚಿಮಟವನ್ನೂ ಅಂಟು ಬಿಡಲು ತಮ್ಮ ಸಿರಿಂಜನ್ನೂ ಬಳಸಿಕೊಂಡಿದ್ದೇನೆ. ಸದರಿ ಚಿಮಟ ಈಗ ಬಾಯಿ ತೆರೆಯುತ್ತಿಲ್ಲ ಎಂಬುದನ್ನು ಈ ಸಂದರ್ಭದಲ್ಲಿಯೇ ತಿಳಿಸುವುದು ಸೂಕ್ತ.

೪. ವಿಮಾನದ ಮೈಮೇಲೆ ಕೂದಲೆಳೆಯಂಥ ಗೆರೆಗಳಿರಬೇಕು. ಉಜ್ಜಿದಾಗ ಅವು ಅಳಿಸಿಹೋದವು. ಅವನ್ನು ಮತ್ತೆ ಕೊರೆಯಲು ನನ್ನ ಗೆಳೆಯ, ಬಿದರಿ ಕಸುಬಿನ ಶರಫೋದ್ದೀನನನ್ನು ಕರೆದೆ. ಆತ ತನ್ನ ಉಳಿಗಳ ಗಂಟಿನೊಡನೆ ನಾಲ್ಕಾರು ಸಲ ನಮ್ಮ ಮನೆಗೆ ಬಂದುಹೋದದ್ದನ್ನು ಓಣಿಯೆಲ್ಲ ನೋಡಿತು. ಮುಂದಿನ ಅನಾಹುತಕ್ಕೆ ಇದೇ ಮೂಲ ಕಾರಣ.

೫. ಕಳೆದ ಭಾನುವಾರ ಸಂಜೆ ಚರ್ಚಿನವರ ಮನೆಪ್ರಾರ್ಥನೆಯ ಸರದಿ ನಮ್ಮ ಮನೆಗೆ ಬಂದಿತ್ತು. ಅದೇ ಮಧ್ಯಾಹ್ನ ನಾನು ರೆಕ್ಕೆಗಳನ್ನು ಮೈಗೆ ಅಂಟಿಸಿ, ಎರಡೂ ತುದಿಗಳ ಕೆಳಗೆ ಸಮ ಎತ್ತರಕ್ಕೆ ಪತ್ತೇದಾರಿ ಕಾದಂಬರಿಗಳನ್ನು ಪೇರಿಸಿಟ್ಟಿದ್ದೆ. ಎರಡು ದಿನ ಅಲುಗಿಸುವಂತಿರಲಿಲ್ಲ. "ಮಂದಿ ಬರೋ ಹೊತ್ತಿಗೆ ಇದೇನ್ ಆಟಾ ಹಚ್ಚಿದ್ಯೋ!" ಎಂದು ತಾವು ಇಸ್ತ್ರಿ ಮಾಡಿದ ಬಿಳಿ ಹಾಸನ್ನು ತಂದು ಅದರ ಮೇಲೆ ಹೊದಿಸಿದಿರಿ. ಮಸ್ಕಿಟೊ ವಿಮಾನದ ಮೂಗು ಗಿಡ್ಡ, ಹಿಂಭಾಗ ಉದ್ದ. ಅಡ್ಡಕ್ಕೆ ನೇರವಾದ ರೆಕ್ಕೆ. ಬಾಲದ ಚಿಕ್ಕ ರೆಕ್ಕೆಗಳನ್ನೂ ಗಾಲಿಗಳನ್ನೂ ಇನ್ನೂ ಕೂಡಿಸಿರಲಿಲ್ಲ. ಇದರ ಮೇಲೆ ಬಿಳಿ ಬಟ್ಟೆ ಹೊದಿಸಿದರೆ ಯಾವ ಆಕಾರ ಕಾಣುತ್ತದೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಳಗೆ ಬಂದ ಎದುರುಮನೆಯ ಶೀಬಾ ವೈನಿಯವರಿಗೆ ತಕ್ಷಣ ಹೊಳೆಯಿತು.

"ಅಯ್ಯ ನವೊಮಕ್ಕಾ, ಶಿಲುಬಿ! ಬಿದರಿ ಶಿಲುಬಿ ಮಾಡಸ್ಲತ್ತಾನ ನಿನ್ನ ತಮ್ಮ! ಅದಕ್ಕೇ ಆ ಶರಫೋದ್ದೀನ ದಿನಾ ಬಂದು ಹೋಗ್ಲತ್ತಿದ್ದ!"

ನಾನು ಬಾಯಿ ತೆರೆಯುವುದರೊಳಗೆ ಅವರು ತಮ್ಮನ್ನು ತಬ್ಬಿಕೊಂಡು ಅಳುತ್ತಿದ್ದರು. ಸಭೆಯ ಹಿರಿಯರಾದ ಬರ್ನಬಾಸ ಕಾಕಾ ಎದ್ದು ಬಂದು, ಬಟ್ಟೆಯ ಮೇಲೆ, ಸರಿಯಾಗಿ ಎಡರೆಕ್ಕೆಯ ಬುಡದ ಮೇಲೆ, ತಮ್ಮ ಭಾರವಾದ ಅಂಗೈ ಇಟ್ಟು, ಈ ಕಾಣಿಕೆಯನ್ನು ದೇವರಿಗೆ ಒಪ್ಪಿಸಿ ದೀರ್ಘವಾಗಿ ಪ್ರಾರ್ಥಿಸಿದರು. ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ತುಟಿ ನಡುಗಿಸುತ್ತಿದ್ದುದು ನಿಜ. ರೆಕ್ಕೆ ಮುರಿಯದಿರಲೆಂದು ಬೇಡುತ್ತಿದ್ದೆ. ಸಭಿಕರು ಅದನ್ನು ನನ್ನ ಮನಪರಿವರ್ತನೆಯೆಂದು ದಾಖಲಿಸಿಕೊಂಡರು. ಬರುವ ಭಾನುವಾರ ಆರಾಧನೆಯಲ್ಲಿ ಬಟ್ಟೆ ಸರಿಸುವುದೆಂದು ಅಲ್ಲಿಯೇ ನಿಶ್ಚಯವಾಯಿತು.

೬. ನಾನು ತಮ್ಮ ಮುಖ ನೋಡಿದೆ. ತಮ್ಮನ ವಿಷಯದಲ್ಲಿ ನಾಲ್ಕು ಜನರ ಎದುರು ತಾವು ತಲೆಯೆತ್ತಿ ಕುಳಿತದ್ದನ್ನು ಮೊದಲ ಸಲ ಕಂಡೆ. ಆದ್ದರಿಂದ ನಿಜ ಹೇಳುವ ಬದಲು ಬಂದವರಿಗೆ ಚಹಾ ಹಂಚಿದೆ.

೭. ಸೋಮವಾರ ಉಲ್ಲೇಖಿತ ಆದೇಶ ಹೊರಬಿತ್ತು: "ನಾಳಿ ಮುಂಜಾನಿ ಬಸ್ಸಿಗಿ ಔರಾದಕ್ಕ ಹೋಗು. ಆ ಸೊಳ್ಳೀನೂ ಒಯ್ಯಿ. ಶಿಲುಬಿ ಮುರೀತು, ತಮ್ಮ ನಾಚಿ ಊರು ಬಿಟ್ಟ ಅಂತ ನಾ ಹೇಳ್ತೇನಿ. ನೀ ಊರು ಬಿಟ್ಟಿ ಅಂದ್ರ ಯಾರೂ ಯಾಕ ಅಂತ ಕೇಳಂಗಿಲ್ಲ."

ಕೊನೆಯ ಮಾತು ಸತ್ಯವಾಗಿತ್ತು. ಪರ್ಯಾಯವೇನಾದರೂ ಇದೆಯೇ ಎಂದು ಶರಫೋದ್ದೀನನನ್ನು ವಿಚಾರಿಸಿದೆ. ಆತ ವಿಮಾನದ ಸುತ್ತ ತಿರುಗಿ ನೋಡಿ, "ಅರೆ ಭಾಯ್, ಎರಡು ಎಂಜಿನ್ ಕೆತ್ತಿ ತೆಗದ್ರ ಶಿಲುಬಿನೇ ಆಗ್ತದಲ್ಲ! ಕರೀ ಬಣ್ಣ ಬಳೀತೀನಿ, ಮ್ಯಾಲ ಚಾಂದಿ ತಂತಿ ಕೂಡಸ್ತೀನಿ. ದೇವ್ರಿಗಿ ಏನ್ ಗೊತ್ತಾಗ್ತದ?" ಎಂದನು. ಅನಂತರ ತಾನೇ ಆಕಾಶ ನೋಡಿ, "ತೋಬಾ ತೋಬಾ, ಅವನಿಗಿ ಗೊತ್ತಾಗ್ತದ," ಎಂದು ಉಳಿ ಒಳಗಿಟ್ಟನು.

೮. ಇಂದು ಮುಂಜಾನೆ ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡು, ತಾವು ಕಟ್ಟಿಕೊಟ್ಟ ಬುತ್ತಿಯೊಡನೆ ಹೊರಟೆ. ವಿಮಾನ ಮೇಜಿನ ಮೇಲೆಯೇ ಉಳಿಯಿತು, ಒಣಗಿರಲಿಲ್ಲ. ನಿಲ್ದಾಣದಲ್ಲಿ ಔರಾದದ ಬಸ್ಸು ನಿಂತಿತ್ತು. ಕಾಲು ಏರಿಸಿದೆ. ಯಾರಿಗೂ ಎಂದಿಗೂ ಸುಳ್ಳು ಹೇಳದ ತಾವು, ನನಗಾಗಿ ಸಭೆಯೆದುರು ನಿಂತು ಸುಳ್ಳು ಹೇಳುವ ಚಿತ್ರ ಕಣ್ಣಿಗೆ ಬಂತು. ಕಾಲು ಇಳಿಸಿದೆ. ಕಮಠಾಣದ ಬಸ್ಸು ಹತ್ತಿ ಬರ್ನಬಾಸ ಕಾಕಾ ಅವರ ಹೊಲಕ್ಕೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಡೆದ ಮಾತುಕತೆಯ ಯಥಾವತ್ತು ನಿರೂಪಣೆ ಹೀಗಿದೆ:

"ವಿಮಾನಾ?"

"ಹೌದ್ರಿ ಕಾಕಾ."

"ಹಾರ್ತದೇನು?"

"ಇಲ್ರಿ."

"ಮತ್ತ ಎದಕ್ಕ ಮಾಡ್ಲತ್ತೀ?"

ತಾವು ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ. ಇಬ್ಬರೂ ತಿಂದೆವು. ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿ ಚೆನ್ನಾಗಿತ್ತೆಂದು ತಮಗೆ ತಿಳಿಸಲು ಅವರು ಹೇಳಿದ್ದಾರೆ. ಕೈ ತೊಳೆದುಕೊಂಡು ಅವರು ನೀಡಿದ ತೀರ್ಪು: "ನೋಡು ಎಬನೇಜರಾ, ಪ್ರಾರ್ಥನಿ ಒಮ್ಮಿ ಮ್ಯಾಲ ಹೋತು ಅಂದ್ರ ವಾಪಸ್ ತರ್ಲಾಕ ಬರಂಗಿಲ್ಲ. ಒಪ್ಪಿಸಿದ್ದು ಒಪ್ಪಿಸ್ದಂಗೇ. ಶಿಲುಬಿ ಅಂತ ತಿಳದ ತಪ್ಪು ನಂದು. ಐತ್ವಾರ ಆರಾಧನ್ಯಾಗ ನಾನೇ ಎದ್ದು ಹೇಳ್ತೇನಿ, ನವೊಮಿ ಸುಮ್ಮ ಕೂಡ್ಲಿ. ಸಂಡೆ ಸ್ಕೂಲಿನ ಖೋಲ್ಯಾಗ ತೂಗಹಾಕೋಣು, ಹುಡುಗ್ರು ಖುಷಿ ಆಗ್ತಾವ. ಆದ್ರ ಅರ್ಧಾ ಮಾಡಿದ್ದು ತಂದಿ ಅಂದ್ರ ಮೆಟ್ಟಲಾ ಹತ್ತಗೊಡಂಗಿಲ್ಲ. ಪೂರಾ ಮಾಡು."

೯. ಕಾರಣ, ಸದರಿ ಸೊಳ್ಳೆಯು ಭಾನುವಾರ ಸಂಜೆಯಿಂದಲೇ ಸಭೆಯ ಸ್ವತ್ತಾಗಿದ್ದು, ಅದನ್ನು ಹೊರಹಾಕುವ ಅಧಿಕಾರ ತಮ್ಮ ವ್ಯಾಪ್ತಿಯಲ್ಲಿ ಇರುವುದಿಲ್ಲ. ಅದನ್ನು ಪೂರ್ಣಗೊಳಿಸದೆ ನಾನು ಊರು ಬಿಡುವಂತಿಲ್ಲ. ತಾವು ಸುಳ್ಳು ಹೇಳುವ ಪ್ರಸಂಗವೂ ಉದ್ಭವಿಸುವುದಿಲ್ಲ.

ಆದ್ದರಿಂದ ಮಾನ್ಯರು ದಯಮಾಡಿ ತಮ್ಮ ಆದೇಶವನ್ನು ಹಿಂಪಡೆದು, ವಿಮಾನ ಮುಗಿಯುವವರೆಗೆ ಈ ಮನೆಯಲ್ಲಿರಲು ನನಗೆ ಅಪ್ಪಣೆ ಕೊಡಬೇಕೆಂದೂ, ಅದನ್ನು ಬೇಗ ಮುಗಿಸುವಂತೆ ಯಾವ ಕಾರಣಕ್ಕೂ ಒತ್ತಾಯ ಮಾಡಬಾರದೆಂದೂ ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ತಮಗಿರುವ ಒಬ್ಬನೇ ತಮ್ಮ,
(ಎಬನೇಜರ)

ಸ್ಥಳ: ಹೊಸ್ತಿಲು
ದಿನಾಂಕ: ಮಂಗಳವಾರ, ಹೊತ್ತು ಇಳಿಯುವ ಮೊದಲು

ಲಗತ್ತುಗಳು:
ಅ) ಬುತ್ತಿಯ ಡಬ್ಬಿ, ತೊಳೆದದ್ದು.
ಆ) ಚಿಮಟ, ಬಾಯಿ ಮುಚ್ಚಿದ ಸ್ಥಿತಿಯಲ್ಲಿ.
ಇ) ಬರ್ನಬಾಸ ಕಾಕಾ ಕಳಿಸಿದ ಹಸಿ ಕಡಲೆಗಿಡ, ಒಂದು ಕಟ್ಟು.

ವಿ.ಸೂ.: ತೀರ್ಮಾನವನ್ನು ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ತಿಳಿಸುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಮೇಜು ಖಾಲಿಯಿಲ್ಲದ ಕಾರಣ, ಇಂದು ಸಂಜೆ ನೆಲದ ಮೇಲೆ ಎರಡು ತಟ್ಟೆಗಳು ಕಂಡುಬಂದಲ್ಲಿ ಅರ್ಜಿ ಮಂಜೂರಾಗಿದೆಯೆಂದು ತಿಳಿದು, ಬಂದು ಕೂಡುತ್ತೇನೆ.