ಎಸಳೊಂದು ಕಡಿಮೆ

ಅಂಬೂಬಾಯಿ: ಐದಕ್ಕ ಹಡಗ ಬಿಡ್ತದರಿ! ಅದೇನು ಔರಾದ ಬಸ್ಸೇನು, ಓಡಿ ಹೋಗಿ ಕೈ ಮಾಡಿದ್ರ ನಿಲ್ಲಲಕ್ಕ?

ಮಲ್ಲಿಕಾರ್ಜುನ: ನಿಂದ್ರ ಅಂಬೂ. ಈ ಸುರಾಹಿ ನಂದು!

ಮಗಳು ಭಕ್ತಿ ಹಟ ಹಿಡಿದು ಇಬ್ಬರನ್ನೂ ಹಡಗಿನ ಪ್ರವಾಸಕ್ಕೆ ಕಳಿಸಿದ್ದಳು. ಪರದೇಶದ ಈ ಬಂದರಿನಲ್ಲಿ ಹಡಗು ನಿಲ್ಲುವುದು ಒಂದೇ ಹಗಲು. ಇಲ್ಲಿನ ಹೆಸರಾಂತ ಮ್ಯೂಸಿಯಮ್ಮಿನ ದೊಡ್ಡ ಚಿತ್ರದ ಫೋಟೊ ಕಳಿಸುತ್ತೇನೆಂದು ಅಂಬೂಬಾಯಿ ಭಾಲ್ಕಿಯ ಅಕ್ಕನಿಗೆ ಮಾತು ಕೊಟ್ಟಿದ್ದಳು. ಆದರೆ ನಲವತ್ತು ವರ್ಷ ಬೀದರಿನಲ್ಲಿ ಕರಿ ಲೋಹಕ್ಕೆ ಬೆಳ್ಳಿ ತಂತಿ ಕೂರಿಸುವ ಬಿದ್ರಿ ಕೆಲಸ ಮಾಡಿದ ಗಂಡ ದಾರಿಯಲ್ಲೇ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಗಟ್ಟಿಯಾಗಿ ನಿಂತುಬಿಟ್ಟಿದ್ದ. ಒಳಗೆ ಬೆಳ್ಳಿ ಹೂಗಳ ಕರಿ ಸುರಾಹಿ, ಉದ್ದ ಕತ್ತಿನ ಹೂಜಿ.

ಅಂಬೂಬಾಯಿ: ಚೀಟಿ ಓದ್ರಿ. ಮುನ್ನೂರು ವರ್ಷದ್ದಂತ. ನಿಮಗಿನ್ನಾ ಅರವತ್ತೆರಡು.

ಮಲ್ಲಿಕಾರ್ಜುನ: ಹೈದರಾಬಾದಿನ ವ್ಯಾಪಾರಿ ‘ಹಳೇದರಂಗ ಕಾಣಬೇಕು ಮಾಮಾ’ ಅಂತ ಮಾಡಿಸ್ಕೊಂಡು ಹೋಗಿದ್ದ. ‘ಕಲಾವಿದ ಅಜ್ಞಾತ’ ಅಂತ! ಯಾವನಂವ ಅಜ್ಞಾತ? ಇಲ್ಲೇ ಎರಡು ಕಾಲ ಮ್ಯಾಲ ನಿಂತೀನಲ್ಲ!

ಅವನ ಬೆರಳು ಗಾಜಿನ ಹತ್ತಿರ ಹೋಯಿತು. ಕಾವಲುಗಾರ ಕೆಮ್ಮಿ, ಮುಟ್ಟಬೇಡವೆಂದು ತೋರುಬೆರಳು ಆಡಿಸಿದ.

ಅಂಬೂಬಾಯಿ: ಬಿದ್ರಿ ಸಾಮಾನೆಲ್ಲ ಕರ್ರಗೇ ಇರ್ತಾವ. ನಿಮ್ದೇ ಅಂತ ಹ್ಯಾಂಗ ಹೇಳ್ತೀರಿ?

ಮಲ್ಲಿಕಾರ್ಜುನ: ಕೆಳಗಿನ ಹೂವಿನ ಎಸಳು ಎಣಸು.

ಅಂಬೂಬಾಯಿ: ಐದು.

ಮಲ್ಲಿಕಾರ್ಜುನ: ಉಳಿದವಕ್ಕೆಲ್ಲ ಆರು! ಅವತ್ತು ನಾ ಊಟಾ ಮಾಡಿ ಬರೂದ್ರಾಗ ಆರನೇ ಎಸಳಿಗಿ ಇಟ್ಟಿದ್ದ ಬೆಳ್ಳಿ ತಾರು ಮಾಯ. ವ್ಯಾಪಾರಿ ಬಾಗಲಾಗ ಕುಂತಿದ್ದ, ಹಂಗೇ ಕೊಟ್ಟು ಕಳಿಸಿದ್ನಿ. ಜೋಡಿ ಕೆಲಸ ಮಾಡ್ತಿದ್ದ ನಂದಕುಮಾರಗ ಕಳ್ಳ ಅಂದುಬಿಟ್ನಿ. ಅಂವ ಸಿಟ್ಟಿಗೆದ್ದು ಊರ ಹೊರಗಿನ ಕೊಳಾರದ ಫ್ಯಾಕ್ಟರಿಗಿ ಹೋದ.

ಅಂಬೂಬಾಯಿಗೆ ಒಮ್ಮೆಲೇ ಅವಸರ ಹೆಚ್ಚಾಯಿತು.

ಅಂಬೂಬಾಯಿ: ಸಾಕು, ನಡೀರಿ ನಡೀರಿ.

ಮಲ್ಲಿಕಾರ್ಜುನ: ಬರೂದಿಲ್ಲ. ನಲವತ್ತು ವರ್ಷ ಕೆತ್ತಿದ್ನಿ, ಒಂದು ಕಡಿನೂ ನನ್ನ ಹೆಸರು ಬರಿಲಿಲ್ಲ. ಇವಂಗ ಹೇಳೇ ಹೋಗಾಂವ.

ಅವನು ಕಾವಲುಗಾರನ ಕಡೆ ತಿರುಗಿದ.

ಅಂಬೂಬಾಯಿ: ಹೇಳ್ರಿ. ನಾಳಿಗೇ ಅದನ್ನ ಹೊರಗ ಒಗಿತಾರ. ಮುನ್ನೂರು ವರ್ಷದ್ದಂತ ಗಾಜಿನಾಗ ಇಟ್ಟಾರ. ನಿಮ್ಮ ಕೈಯಿಂದು ನಮ್ಮ ಅಟ್ಟದ ಮ್ಯಾಲೇ ಹನ್ನೆರಡು ಅವ!

ಮಲ್ಲಿಕಾರ್ಜುನ ಕಾವಲುಗಾರನ ತನಕ ಹೋಗಿ ಬಾಯಿ ತೆರೆದ. ತಿರುಗಿ ನೋಡಿದ. ದೀಪದ ಕೆಳಗೆ ಸುರಾಹಿ ಥಳಥಳ ಅನ್ನುತ್ತಿತ್ತು. ಬಾಯಿ ಮುಚ್ಚಿಕೊಂಡು ಬಂದ.

ಮಲ್ಲಿಕಾರ್ಜುನ: ಹೋಗ್ಲಿ, ನಾ ಅಜ್ಞಾತನೇ ಇರ್ತೀನಿ. ಆದ್ರ ಆ ಎಸಳು ಎಲ್ಲಿ ಹೋತಂತ ಗೊತ್ತಾಗಿದ್ರ…

ಅಂಬೂಬಾಯಿ ಸುತ್ತ ನೋಡಿ, ಸೀರೆ ಚೂರು ಎತ್ತಿ, ಮೆಲ್ಲಗೆ ಕಾಲು ಮುಂದೆ ಮಾಡಿದಳು. ಬೆರಳಲ್ಲಿ ಬೆಳ್ಳಿ ಕಾಲುಂಗುರ.

ಮಲ್ಲಿಕಾರ್ಜುನ: ತವರಮನಿಯವರು ಕೊಟ್ರು ಅಂದಿದ್ದಿಯಲ್ಲ!

ಅಂಬೂಬಾಯಿ: ಎರಡು ವರ್ಷ ಮಾಡಿಸ್ತೀನಿ ಮಾಡಿಸ್ತೀನಿ ಅಂದ್ರಿ. ಸುರಾಹಿಗಿ ಎಲ್ಲಾ ಕಡಿ ಬೆಳ್ಳಿ, ನನ್ನ ಕಾಲು ಬೋಳು! ಊರಿಗಿ ಹೋದಕೂಡ್ಲೇ ನಂದಕುಮಾರಗ ನಾನೇ ತಪ್ಪಾತಂತ ಹೇಳ್ತೀನಿ, ಆತೇನ್ರಿ?

ಮಲ್ಲಿಕಾರ್ಜುನ ಬೈಯಲಿಲ್ಲ. ಅಯ್ಯೋ ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕಳೆದ ಎಸಳನ್ನು ನೋಡಲು ಕೈ ಚಾಚಿದ. ಅಂಬೂಬಾಯಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಕಾವಲುಗಾರನ ಹಾಗೆಯೇ ಕೆಮ್ಮಿ ತೋರುಬೆರಳು ಆಡಿಸಿದಳು.

ಅಂಬೂಬಾಯಿ: ಮುಟ್ಟಬ್ಯಾಡ್ರಿ. ಮ್ಯೂಸಿಯಮ್ಮಿನ ಮಾಲು!